ಆರೋಪಿಯ ವಕೀಲನೂ ಅವನ ಅಂತಃಸಾಕ್ಷಿಯೂ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ವಕೀಲನೆಂದರೆ ಜಮೀನಿನ ವ್ಯಾಜ್ಯ, ಪಾಲುಪಟ್ಟಿಗಳನ್ನು ನೋಡುವವನೆಂದೇ ನಮ್ಮ ಹಿರಿಯರ ಎಣಿಕೆ. ಇಂದು ಕಾನೂನು ಕಲಿಯುವ ಮಕ್ಕಳ ಮುಂದೆ ಬೇರೊಂದು ದಾರಿಯೂ ಇದೆ: ಷೇರು ಪೇಟೆಯ ಅಕ್ರಮದ ಆರೋಪ ಹೊತ್ತವರ ಪರ ವಾದಿಸುವುದು, ಕಂಪೆನಿಗಳೊಳಗಿನ ದೂರುಗಳನ್ನು ತನಿಖೆ ಮಾಡುವುದು. “ಫಾದರ್, ಮೋಸಗಾರರನ್ನು ಬಿಡಿಸುವ ಕೆಲಸ ನಮ್ಮ ಮಗನಿಗೇಕೆ?” ಎಂದು ಹೆತ್ತವರು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದೇ. ಆದರೆ ಆರೋಪ ಹೊತ್ತವನೆಲ್ಲ ಮೋಸಗಾರನೇ?

2019ರ ಅಕ್ಟೋಬರಿನಲ್ಲಿ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ ಮುಖ್ಯಾಧಿಕಾರಿಗಳ ಮೇಲೆ ಅನಾಮಧೇಯ ದೂರು ಬಹಿರಂಗವಾಯಿತು. ಒಂದೇ ದಿನದಲ್ಲಿ ಷೇರಿನ ಬೆಲೆ ಶೇಕಡಾ 16ರಷ್ಟು ಕುಸಿಯಿತು. ಸಂಸ್ಥೆಯ ಲೆಕ್ಕಪರಿಶೋಧನಾ ಸಮಿತಿಯು ಹೊರಗಿನ ವಕೀಲರ ನೆರವಿನಿಂದ 77 ಮಂದಿಯನ್ನು ವಿಚಾರಿಸಿ, 2 ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ಪರಿಶೀಲಿಸಿ, ಅಕ್ರಮಕ್ಕೆ ಸಾಕ್ಷ್ಯವಿಲ್ಲವೆಂದು 2020ರ ಜನವರಿಯಲ್ಲಿ ತಿಳಿಸಿತು. ಅಮೆರಿಕದ ಷೇರು ನಿಯಂತ್ರಣ ಆಯೋಗವೂ ಮಾರ್ಚಿನ ಹೊತ್ತಿಗೆ ತನಿಖೆಯನ್ನು ಮುಗಿಸಿತು. ದೂರನ್ನು ಅಲಕ್ಷಿಸಿದ್ದರೆ ಷೇರುದಾರರಿಗೆ ಅನ್ಯಾಯ; ತನಿಖೆಯಿಲ್ಲದೆ ನಂಬಿದ್ದರೆ ಅಧಿಕಾರಿಗಳಿಗೆ ಅನ್ಯಾಯ.

ನಮ್ಮ ದೇಶದಲ್ಲಿ 1992ರ ಕಾಯಿದೆಯಿಂದ ಅಧಿಕಾರ ಪಡೆದ ಸೆಬಿಯೇ ನೋಟೀಸು ನೀಡುತ್ತದೆ, ದಂಡವನ್ನೂ ವಿಧಿಸುತ್ತದೆ. ಆರೋಪಿಸುವ ಸಂಸ್ಥೆಯೇ ತೀರ್ಮಾನವನ್ನೂ ಕೊಡುವಲ್ಲಿ, ಆರೋಪಿಯ ಮಾತನ್ನು ಕ್ರಮವಾಗಿ ಮುಂದಿಡುವವನೊಬ್ಬ ಬೇಕು. ಮುಂಬಯಿಯ ಮೇಲ್ಮನವಿ ನ್ಯಾಯಮಂಡಳಿಯಿರುವುದೂ ಅದಕ್ಕಾಗಿಯೇ.

ಆದರೆ ಸಮಸ್ಯೆ ಇಲ್ಲಿಗೆ ಮುಗಿಯದು. ತಪ್ಪನ್ನು ಒಪ್ಪದೆ, ಅಲ್ಲಗಳೆಯದೆ, ಹಣ ಕಟ್ಟಿ ಪ್ರಕರಣವನ್ನು ಇತ್ಯರ್ಥಗೊಳಿಸಲು ಸೆಬಿಯ ನಿಯಮಗಳಲ್ಲಿ ಅವಕಾಶವಿದೆ. ಕಾನೂನಿಗೆ ಅಷ್ಟು ಸಾಕಾಗಬಹುದು, ಅಂತಃಸಾಕ್ಷಿಗೆ ಸಾಲದು. ಅನ್ಯಾಯದ ವಾದವೆಂದು ತಿಳಿದೂ ಅದನ್ನು ಸಮರ್ಥಿಸುವ ವಕೀಲ ಪಾಪಕ್ಕೆ ಪಾಲುದಾರನೆಂದು ಹದಿಮೂರನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ಬರೆದರು. ನಡುವೆ ಸತ್ಯ ತಿಳಿದರೆ ಕಕ್ಷಿದಾರನ ಗುಟ್ಟನ್ನು ಎದುರಾಳಿಗೆ ಒಪ್ಪಿಸಬಾರದು; ಆದರೆ ವಾದವನ್ನು ಬಿಡಬೇಕು, ಇಲ್ಲವೆ ರಾಜಿಗೆ ಅವನನ್ನು ಒಲಿಸಬೇಕು ಎಂದೂ ಅವರು ಹೇಳಿದರು.

ಆದುದರಿಂದ ಈ ವೃತ್ತಿಯ ನಿಜವಾದ ಪರೀಕ್ಷೆ ನಡೆಯುವುದು ನ್ಯಾಯಮಂಡಳಿಯ ಮುಂದಲ್ಲ, ಕಕ್ಷಿದಾರನೊಡನೆ ಮುಚ್ಚಿದ ಬಾಗಿಲ ಹಿಂದೆ. “ಈ ಲಾಭ ನಿಮ್ಮದಲ್ಲ, ಹಿಂತಿರುಗಿಸಿ” ಎಂದು ಸಂಭಾವನೆ ಕೊಡುವವನಿಗೇ ಹೇಳುವ ಧೈರ್ಯ ಅಲ್ಲಿ ಬೇಕು. ಆ ಲಾಭದಲ್ಲಿ ಮುಂಬಯಿಯ ಹೋಟೆಲಿನಲ್ಲಿಯೋ ಗಲ್ಫಿನಲ್ಲಿಯೋ ದುಡಿದ ನಮ್ಮವರ ಉಳಿತಾಯವೂ ಸೇರಿರಬಹುದು.

ಹೆತ್ತವರೇ, ಮಗ ಅಥವಾ ಮಗಳು ಈ ದಾರಿ ಹಿಡಿದರೆ ತಡೆಯಬೇಡಿ. ಸಂಬಳವೆಷ್ಟೆಂದು ಕೇಳುವ ಮೊದಲು, ಬೇಡವೆನ್ನಬೇಕಾದಾಗ ಬೇಡವೆನ್ನುವ ಶಕ್ತಿಯಿದೆಯೇ ಎಂದು ಕೇಳಿರಿ.