ಕೊಳಕ್ಕೊಬ್ಬ ನೀರಗಂಟಿ ಬೇಕು

"ನೀವು ಸುಮ್ನೆ ಮೈ ಕರಗಿಸೋಕೆ ಬರ್ತೀರಿ ಮೇಡಂ. ನಮ್ಮ ಹುಡುಗಿ ಸ್ಟೇಟ್ ಮೀಟ್‌ಗೆ ತಯಾರಾಗ್ತಿದಾಳೆ. ಯಾರಿಗೆ ಮೊದ್ಲು ನೀರು ಬಿಡಬೇಕು, ನೀವೇ ಹೇಳಿ."

ಹೀಗೆ ಕೇಳಿದವರು ಕೆಟ್ಟವರೇನೂ ಅಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ನಿದ್ದೆಗಣ್ಣಿನ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಚೀಲದಲ್ಲಿ ಟವೆಲ್ಲು, ಹಾಲಿನ ಫ್ಲಾಸ್ಕು, ಯೂನಿಫಾರ್ಮು ಎಲ್ಲ ತುಂಬಿಕೊಂಡು ಬರುತ್ತಿದ್ದ ತಾಯಿ. ಸಂಶೋಧನೆಗೆಂದು ಮೈಸೂರಿಗೆ ಬರುವ ಮುಂಚೆ ನಾನು ಒಂದು ವರ್ಷ ಬೇರೆ ಊರಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿನ ಸಾರ್ವಜನಿಕ ಈಜುಕೊಳವೊಂದರಲ್ಲಿ, ಇಪ್ಪತ್ತೈದನೇ ವಯಸ್ಸಿನಲ್ಲಿ, ಈಜು ಕಲಿಯಲು ಸೇರಿದ್ದೆ. ಕೊಳದ ಹೆಸರು ಇಲ್ಲಿ ಬೇಡ. ಹೆಂಗಸರ ಬ್ಯಾಚು ಬೆಳಗ್ಗೆ ಹತ್ತರಿಂದ ಹನ್ನೊಂದು. ಕೆಲಸಕ್ಕೆ ಹೋಗುವ ಹೆಂಗಸು, ಕಾಲೇಜಿಗೆ ಹೋಗುವ ಹುಡುಗಿ, ಮಧ್ಯಾಹ್ನದ ಅಡುಗೆಗೆ ಒಲೆ ಹಚ್ಚಬೇಕಾದವಳು ಇವರಲ್ಲಿ ಯಾರೂ ಬರಲಾಗದ ಹೊತ್ತನ್ನು ಹುಡುಕಿ ಹುಡುಕಿ ಕೊಟ್ಟಂತಿತ್ತು. ಆರೂವರೆಗೆ ನಮಗೂ ಒಂದು ಮೂಲೆ ಕೊಡಿ ಎಂದು ನಾವು ನಾಲ್ಕೈದು ಜನ ಕೇಳಿದಾಗ ಬಂದ ಉತ್ತರವೇ ಮೇಲಿನ ಮಾತು.

ಅವತ್ತು ನನ್ನ ಬಾಯಿ ಕಟ್ಟಿತ್ತು. ಈಗ ಉತ್ತರ ಹೇಳಬೇಕು ಅನ್ನಿಸುತ್ತಿದೆ, ಏಕೆಂದರೆ ಮೈಸೂರಿನಲ್ಲೂ ಪ್ರತಿ ಬೇಸಿಗೆಯಲ್ಲಿ ಶಿಬಿರದ ಮಕ್ಕಳು, ಸ್ಪರ್ಧೆಯ ಮಕ್ಕಳು, ತಿಂಗಳ ಪಾಸಿನವರು, ಕಲಿಯಲು ಬಂದವರು ಎಲ್ಲರ ಮಾತೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಪದಕ ತರುವವರಿಗೆ ಮೊದಲು, ಮಿಕ್ಕವರಿಗೆ ಮಿಕ್ಕಿದ್ದು.

ನಾನು ಮಳವಳ್ಳಿ ಕಡೆಯವಳು. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗ ಅಂದರೆ ಏನು ಅಂತ ನಮ್ಮ ಮನೆಯಲ್ಲಿ ಯಾರೂ ವಿವರಿಸಬೇಕಿಲ್ಲ. ಕೆಆರ್‌ಎಸ್‌ನಲ್ಲಿ ನೀರಿರುತ್ತದೆ, ಪತ್ರಿಕೆಯಲ್ಲಿ ನೀರು ಬಿಟ್ಟ ಸುದ್ದಿ ಇರುತ್ತದೆ, ನಮ್ಮ ತೂಬಿನಲ್ಲಿ ಮಾತ್ರ ಇರುವುದಿಲ್ಲ. ಕಟ್ಟು ಪದ್ಧತಿಯಲ್ಲಿ ಇಂತಿಷ್ಟು ದಿನ ನೀರು, ಇಂತಿಷ್ಟು ದಿನ ಇಲ್ಲ ಎಂದು ಗೊತ್ತುಮಾಡುತ್ತಾರೆ. ತಾತ ರಾತ್ರಿ ಬ್ಯಾಟರಿ ಹಿಡಿದು ಕಾಲುವೆ ಏರಿಯ ಮೇಲೆ ಕೂತಿರುತ್ತಿದ್ದರು. ಮೇಲಿನವರು ಸುಳ್ಳರಲ್ಲ, ಕಳ್ಳರೂ ಅಲ್ಲ. ಅವರ ಭತ್ತಕ್ಕೂ ನೀರು ಬೇಕಿತ್ತು. ಅವರು ತೂಬಿಗೆ ಹತ್ತಿರ ಇದ್ದರು, ಅಷ್ಟೇ.

ಈಜುಕೊಳದ ವೇಳಾಪಟ್ಟಿಗೂ ಮೇಲ್ಭಾಗ, ಕೊನೆಭಾಗ ಇವೆ. ಬೆಳಗ್ಗೆ ಐದೂವರೆಯಿಂದ ಎಂಟು, ಸಂಜೆ ನಾಲ್ಕೂವರೆಯಿಂದ ಏಳು: ಇದು ಮೇಲ್ಭಾಗ. ಬಿಸಿಲು ನೆತ್ತಿಗೇರಿದ ಹೊತ್ತು ಕೊನೆಭಾಗ. ಗುಂಪಾಗಿ ಬಂದು ಕಚೇರಿ ಮೇಜಿನ ಮುಂದೆ ನಿಲ್ಲಬಲ್ಲವರಿಗೆ ಮೇಲ್ಭಾಗ ಸಿಗುತ್ತದೆ. ತರಬೇತುದಾರರು ಇರುವ ಮಕ್ಕಳ ತಂಡ ನಿಲ್ಲಬಲ್ಲದು. ಇಪ್ಪತ್ತು ವರ್ಷದಿಂದ ಆರರ ಬ್ಯಾಚಿನಲ್ಲೇ ಈಜುತ್ತ ಆ ಹೊತ್ತನ್ನು ಪಿತ್ರಾರ್ಜಿತ ಆಸ್ತಿ ಎಂದುಕೊಂಡಿರುವ ನಿವೃತ್ತ ಯಜಮಾನರೂ ನಿಲ್ಲಬಲ್ಲರು. (ಅವರ ಬಗ್ಗೆ ನನಗೆ ಗೌರವವಿದೆ. ಎಪ್ಪತ್ತರಲ್ಲಿ ಅವರಂತೆ ಈಜುವ ಆಸೆಯೂ ಇದೆ.) ಇನ್ನೂ ನೀರಿಗೇ ಇಳಿಯದವರ ಪರವಾಗಿ ಮಾತ್ರ ಆ ಮೇಜಿನ ಮುಂದೆ ಯಾರೂ ಇಲ್ಲ. ಈಜು ಬಾರದವರದು ಸಂಘ ಇರುವುದಿಲ್ಲವಲ್ಲ.

ಸ್ಪರ್ಧೆಯ ಮಕ್ಕಳ ಪರವಾದ ವಾದವನ್ನು ನಾನು ಹಗುರ ಮಾಡುವುದಿಲ್ಲ. ಈಜು ಕ್ರೂರವಾದ ಆಟ. ದಿನಕ್ಕೆ ಎರಡು ಹೊತ್ತು ಅಭ್ಯಾಸ, ಒಂದೊಂದು ಹೊತ್ತಿಗೆ ನಾಲ್ಕೈದು ಕಿಲೋಮೀಟರ್, ಶಾಲೆಗೂ ತಪ್ಪಿಸುವಂತಿಲ್ಲ. ಅವರಿಗೆ ಮುಂಜಾನೆ ಬೇಕೇ ಬೇಕು. ಹತ್ತು ಗಂಟೆಗೆ ಬನ್ನಿ ಎಂದು ಅವರಿಗೆ ಹೇಳುವುದು ಆಟ ಬಿಡಿ ಎಂದು ಹೇಳಿದ ಹಾಗೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಇಬ್ಬರು ಈಜುಗಾರರೂ ಬೆಂಗಳೂರಿನವರು, ಶ್ರೀಹರಿ ನಟರಾಜ್ ಮತ್ತು ಆಗ ಹದಿನಾಲ್ಕು ವರ್ಷದ ಧಿನಿಧಿ ದೇಸಿಂಗು. ಮೈಸೂರಿನಿಂದಲೂ ಒಬ್ಬರು ಹೋಗಲಿ, ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ.

ಆದರೆ ಆ ಒಬ್ಬರು ಎಲ್ಲಿಂದ ಬರುತ್ತಾರೆ? 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ನಿಶಾ ಮಿಲ್ಲೆಟ್ ಚಿಕ್ಕವರಿದ್ದಾಗ ಮುಳುಗಿ ಬದುಕಿದವರು. ನೀರಿನ ಭಯ ಹೋಗಲೆಂದು ಅಪ್ಪ ಅವರನ್ನು ಚೆನ್ನೈನ ಒಂದು ಕ್ಲಬ್ಬಿನ ಕೊಳಕ್ಕೆ ಕರೆದೊಯ್ದರು. ಅಲ್ಲಿಂದ ಶುರುವಾದದ್ದು ಬೆಂಗಳೂರಿಗೆ ಬಂದು ಸಿಡ್ನಿಯವರೆಗೆ ಹೋಯಿತು. ಅಂದರೆ ಆಕೆಯೂ ಮೊದಲು ಹೆದರಿಕೊಂಡು ಅಂಚು ಹಿಡಿದು ನಿಂತ ಮಗು. ಕಲಿಯುವವರ ಬ್ಯಾಚನ್ನು ಕಿರಿದು ಮಾಡಿ ಚಾಂಪಿಯನ್ನರನ್ನು ಬೆಳೆಸುತ್ತೇವೆ ಅನ್ನುವುದು ಒಟ್ಲು ಹಾಕದೆ ನಾಟಿ ಮಾಡಲು ಹೊರಟ ಹಾಗೆ.

ಇದಕ್ಕಿಂತ ದೊಡ್ಡ ವಿಷಯ ಸಾವಿನದು. ಮೈಸೂರು ನೀರಿನ ನಡುವೆ ಇರುವ ಊರು. ಅತ್ತ ಕಾವೇರಿ, ಇತ್ತ ಕಪಿಲೆ, ಸುತ್ತ ನಾಲೆಗಳು. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಾವು ನಡೆಯುತ್ತೇವೆ, ನೀರಿಗೆ ಇಳಿಯುವಂತಿಲ್ಲ, ಸರಿಯೇ. ಇಳಿಯುವ ಆಸೆ ಬಲಮುರಿ, ಎಡಮುರಿಯಲ್ಲಿ ತೀರುತ್ತದೆ. ರಜೆ ಬಂತೆಂದರೆ ಹಾಸ್ಟೆಲಿನ ಹುಡುಗರು ಬೈಕು ಹತ್ತುತ್ತಾರೆ, ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆಕಸ್ಮಿಕವಾಗಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. ನಾವು ನದಿ ದಂಡೆಯಲ್ಲಿ ಎಚ್ಚರಿಕೆಯ ಫಲಕ ನೆಡುತ್ತೇವೆ. ಫಲಕಕ್ಕೆ ಈಜು ಬರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೈಸೂರಿನಲ್ಲಿ ಈಜುಕೊಳ ಎಂದರೆ ಬಹಳ ಜನಕ್ಕೆ ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಕೊಳ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಅದೊಂದರ ಮಾತಲ್ಲ, ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿದ ಯಾವ ಕೊಳಕ್ಕೂ ಹೊಂದುವ ಮಾತು. ಒಲಿಂಪಿಕ್ ಅಳತೆಯ ಕೊಳ 50 ಮೀಟರ್ ಉದ್ದ, 25 ಮೀಟರ್ ಅಗಲ. ಎರಡು ಮೀಟರ್ ಆಳ ಹಿಡಿದರೆ 25 ಲಕ್ಷ ಲೀಟರ್ ನೀರು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಇಟ್ಟುಕೊಂಡರೆ ಹದಿನೆಂಟು ಸಾವಿರ ಜನರ ಒಂದು ದಿನದ ನೀರು. ಇಷ್ಟು ನೀರನ್ನು ಸೋಸಿ, ಕ್ಲೋರಿನ್ ಹಾಕಿ, ಪಂಪು ಓಡಿಸಿ ಇಡಬೇಕು, ಯಾರು ಈಜಲಿ ಬಿಡಲಿ.

ಇದನ್ನು ನಾವು ಹಂಚುವುದು ಗಂಟೆಗಳಲ್ಲಿ. ಆರರಿಂದ ಏಳು ಇವರದು, ಅಂದರೆ ಇಡೀ ಕೊಳ ಇವರದು. ತಪ್ಪು ಇರುವುದು ಇಲ್ಲೇ. ಒಂದು ಲೇನಿನ ಅಗಲ ಎರಡೂವರೆ ಮೀಟರ್. ಅಂದರೆ 25 ಮೀಟರಿನಲ್ಲಿ ಹತ್ತು ಲೇನು. ತರಬೇತಿಯಲ್ಲಿ ಒಂದು ಲೇನಿನಲ್ಲಿ ಐದಾರು ಮಕ್ಕಳು ಒಬ್ಬರ ಹಿಂದೊಬ್ಬರು ಸುತ್ತು ಹಾಕುತ್ತಾರೆ. ಇಪ್ಪತ್ತು ಮಕ್ಕಳ ತಂಡಕ್ಕೆ ನಾಲ್ಕು ಲೇನು ಸಾಕು. ಮಿಕ್ಕ ಆರು? ಅವೇ ಹಗ್ಗಗಳನ್ನು ಕಟ್ಟಿ ಹಿರಿಯರಿಗೆ ಎರಡು, ಹೆಂಗಸರಿಗೆ ಎರಡು, ಉಳಿದದ್ದು ಪಾಸಿನವರಿಗೆ ಕೊಡಬಹುದು. ಗಂಡಸರಿರುವಾಗ ನೀರಿಗಿಳಿಯಲು ಒಲ್ಲದ ಹೆಂಗಸರು ಬಹಳ ಇದ್ದಾರೆ, ಅದು ಅವರ ಇಷ್ಟ. ಅವರಿಗೆ ಪ್ರತ್ಯೇಕ ಬ್ಯಾಚು ಇರಲೇಬೇಕು, ಆದರೆ ಕೆಲಸಕ್ಕೆ ಹೋಗುವ ಮುಂಚೆ ಒಂದು, ಬಂದ ಮೇಲೆ ಒಂದು, ವಾರಕ್ಕೆ ಎರಡೆರಡು ದಿನವಾದರೂ. ಆ ದಿನ ಸ್ಪರ್ಧೆಯ ಹುಡುಗರು ಅರ್ಧ ಗಂಟೆ ಮುಂಚೆ ಬರಲಿ.

ಹಳೇ ಮೈಸೂರು ಸೀಮೆಯ ಕೆರೆಗಳಲ್ಲಿ ಈ ಕೆಲಸಕ್ಕೆ ನೀರಗಂಟಿ ಇದ್ದ. ನನ್ನ ಸಂಶೋಧನೆ ಇರುವುದು ಆ ಕೆರೆಗಳ ಸುತ್ತಲಿನ ಕತೆಗಳ ಮೇಲೆ, ಹಾಗಾಗಿ ಆತ ಆಗಾಗ ಸಿಗುತ್ತಾನೆ. ತೂಬು ಎತ್ತುವವನು, ಇಳಿಸುವವನು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಗೊತ್ತುಮಾಡುವವನು. ಹಲವು ಊರುಗಳಲ್ಲಿ ಆತ ದಲಿತ, ಆ ಅಚ್ಚುಕಟ್ಟಿನಲ್ಲಿ ತನ್ನದೇ ಗದ್ದೆ ಇಲ್ಲದವನು. ಗದ್ದೆ ಇಲ್ಲದ್ದರಿಂದಲೇ ಪಕ್ಷಪಾತ ಇರುವುದಿಲ್ಲ ಎಂಬುದು ಊರಿನ ತರ್ಕ. ಇದನ್ನು ಹೊಗಳಿ ಕುಣಿಯಬೇಕಿಲ್ಲ. ಊರಿಗೆಲ್ಲ ನೀರು ಹಂಚಿದವನಿಗೆ ಊರ ಬಾವಿ ಮುಟ್ಟುವ ಹಕ್ಕಿರಲಿಲ್ಲ ಎಂಬುದೂ ಅದೇ ಚರಿತ್ರೆ. ಆದರೂ ಒಂದು ಮಾತು ಅಲ್ಲಿಂದ ತೆಗೆದುಕೊಳ್ಳಬಹುದು: ನೀರು ಬೇಕಾದವನ ಕೈಗೇ ತೂಬಿನ ಸರದಿ ಕೊಡಬಾರದು. ಕೊಳದ ವೇಳಾಪಟ್ಟಿ ಬರೆಯುವವರಲ್ಲಿ ಯಾವ ಬ್ಯಾಚಿಗೂ ಸೇರದವರು ಇರಬೇಕು. ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು, ಆಶಾ ಕಾರ್ಯಕರ್ತೆಯೊಬ್ಬರು ಇದ್ದರೂ ಸಾಕು. ಬರೆದದ್ದು ಗೇಟಿನ ಮೇಲೆ ಕನ್ನಡದಲ್ಲಿ, ಯಾವ ಗುಂಪಿಗೆ ವಾರಕ್ಕೆ ಎಷ್ಟು ಲೇನು-ಗಂಟೆ ಎಂಬ ಲೆಕ್ಕದ ಸಮೇತ ಇರಬೇಕು.

ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ದಖನ್ ಕಾಲುವೆಗಳಿಗೆ ಬ್ಲಾಕ್ ಪದ್ಧತಿ ತಂದದ್ದು ಇದೇ ತೊಡಕಿಗೆ. ಕಾಲುವೆಯ ತಲೆಭಾಗದ ಕೆಲವೇ ಹಳ್ಳಿಗಳು ನೀರೆಲ್ಲ ಹೀರಿಕೊಳ್ಳದೆ ಹೆಚ್ಚು ಹಳ್ಳಿಗಳಿಗೆ ಅದು ಸರದಿಯಲ್ಲಿ ತಲುಪಲಿ ಎಂದು. ಅವರ ಹೆಸರಿನ ಪ್ರತಿಮೆ, ರಸ್ತೆ, ವೃತ್ತ ನಮ್ಮಲ್ಲಿ ಬೇಕಾದಷ್ಟಿವೆ.

ಆ ತಾಯಿಯ ಮಗಳ ಜೊತೆ ನಾನು ಆಮೇಲೆ ಒಂದು ಸಲ ಮಾತಾಡಿದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂದಲು ಹಿಂಡುತ್ತ ನಿಂತಿದ್ದಳು. ನಾವು ಪಕ್ಕದ ಲೇನಿನಲ್ಲಿದ್ದರೆ ನಿನಗೆ ತೊಂದರೆ ಆಗುತ್ತಾ ಎಂದು ಕೇಳಿದೆ. "ಇಲ್ಲಕ್ಕಾ. ಹಗ್ಗ ಬಿಗಿಯಾಗಿ ಕಟ್ಟಿದ್ರೆ ಸಾಕು, ಅಲೆ ಬರಲ್ಲ" ಅಂದಳು. ಅಮ್ಮಂದಿರು, ತರಬೇತುದಾರರು, ಅಧಿಕಾರಿಗಳು ವರ್ಷಗಟ್ಟಲೆ ಜಗಳವಾಡುವ ವಿಷಯಕ್ಕೆ ಹನ್ನೆರಡು ವರ್ಷದ ಹುಡುಗಿಗೆ ಬೇಕಾಗಿದ್ದದ್ದು ಒಂದು ಹಗ್ಗ.

ಇನ್ನು ಬಿಸಿಲಿನ ಆ ಕೊನೆಭಾಗದ ಗಂಟೆಗಳು. ಹನ್ನೊಂದರಿಂದ ಮೂರರವರೆಗೆ ಪಂಪು ಓಡುತ್ತಿರುತ್ತದೆ, ಕಾವಲುಗಾರ ತೂಕಡಿಸುತ್ತಿರುತ್ತಾನೆ, ನೀಲಿ ನೀರು ಖಾಲಿ ಇರುತ್ತದೆ. ಅದೇ ಹೊತ್ತಿಗೆ ನಗರದ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣದ ಪಿರಿಯಡ್ಡು, ಮೈದಾನವಿಲ್ಲದ ಕಡೆ ಅದೂ ಹೆಸರಿಗೆ. ಬಿಸಿಲು ಸ್ವಲ್ಪ ಇಳಿದ ಎರಡೂವರೆಗೆ ವಾರಕ್ಕೊಂದು ಶಾಲೆಯ ಏಳನೇ ತರಗತಿಯನ್ನು ಕರೆತಂದು, ಆಳವಿಲ್ಲದ ಕಡೆ ನಿಲ್ಲಿಸಿ, ಮೊದಲು ಮಗುಚಿ ತೇಲುವುದನ್ನು, ಆಮೇಲೆ ಮುಳುಗುತ್ತಿರುವವನ ಕಡೆ ತಾನು ಹಾರದೆ ಹಗ್ಗ ಎಸೆಯುವುದನ್ನು ಕಲಿಸಲು ಹೊಸ ಕೊಳ ಕಟ್ಟಬೇಕಿಲ್ಲ. ಒಂದು ಬಸ್ಸು, ಇಬ್ಬರು ಜೀವರಕ್ಷಕರು, ಒಂದು ಸುತ್ತೋಲೆ. ಬೇಸಿಗೆ ಶಿಬಿರದ ಅರ್ಜಿ ಕೊಡುವ ಮುಂಚೆಯೇ ಆ ಸುತ್ತೋಲೆ ಬರಲಿ. ಅರ್ಜಿ ಕೊಡಲು ಶುರುವಾದ ಮೇಲೆ ತೂಬಿನ ಹತ್ತಿರದವರು ಬಂದು ನಿಂತಿರುತ್ತಾರೆ.