‘ಬರುತ್ತೆ ಬಿಡಿ’ ಅನ್ನೋ ಮುಂಚೆ ಒಂದು ತಾರೀಕು ಹೇಳಿ

ಹಲ್ಲಿನ ಮಾತು, ಭಾಗ 7

ಫ್ರೆಂಡ್ಸ್, ಇವತ್ತಿನ ಪೋಸ್ಟ್‌ನಲ್ಲಿ ತಪ್ಪೊಪ್ಪಿಗೆನೂ ಇದೆ, ಜಗಳಾನೂ ಇದೆ. ಸ್ವಲ್ಪ ಉದ್ದ, ಪೂರ್ತಿ ಓದಿ.

ಹೋದ ವರ್ಷ ಒಂದು ಮದುವೆ ಮನೆಯಲ್ಲಿ ನನ್ನ ಅಕ್ಕ ಅವಳ ಮಗಳ ಬಾಯಿ ತೆರೆಸಿ ತೋರಿಸಿದಳು. ಮಗುವಿಗೆ ಆಗ ಎಂಟೂವರೆ. ಮೇಲಿನ ಎಡ ಮುಂದಿನ ಹಲ್ಲು ಬಂದು ಒಂದು ವರ್ಷ ಆಗಿತ್ತು, ಬಲಗಡೆದು ಇಲ್ಲ. ಅಜ್ಜಿ ‘ಬಿದ್ದ ಹಲ್ಲನ್ನ ಹಂಚಿನ ಮೇಲೆ ಸರಿಯಾಗಿ ಎಸೆದಿಲ್ಲ ಅನ್ಸುತ್ತೆ’ ಅಂತ ನಕ್ಕರು. ನಾನೂ ನಕ್ಕೆ. ‘ಬರುತ್ತೆ ಬಿಡು ಅಕ್ಕ’ ಅಂದೆ. ಬಿಡಿಎಸ್ ಓದ್ತಿರೋನು ಹೇಳಿದ ಮೇಲೆ ಮುಗೀತಲ್ಲ, ಅವಳು ಸುಮ್ಮನಾದಳು.

ಬರಲಿಲ್ಲ. ಒಂದು ವರ್ಷದ ನಂತರ ಎಕ್ಸ್‌ರೇ ತೆಗೆದಾಗ ಕಂಡಿದ್ದು: ಹಲ್ಲು ಒಳಗೇ ಇದೆ, ಅದರ ದಾರಿಗೆ ಅಡ್ಡವಾಗಿ ಇನ್ನೊಂದು ಪುಟ್ಟ ಎಕ್ಸ್‌ಟ್ರಾ ಹಲ್ಲು ಕೂತಿದೆ. ಅಷ್ಟರಲ್ಲಿ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲಿಕೊಂಡಿತ್ತು. (ಅಕ್ಕ ಮತ್ತು ಮಗು, ಇಬ್ಬರ ಒಪ್ಪಿಗೆ ಕೇಳೇ ಬರೀತಿದೀನಿ.)

ನಾಚಿಕೆ ಆಗೋದು ಯಾಕೆ ಗೊತ್ತಾ? ಉತ್ತರ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದಿದ್ದೆ. ಮೇಲಿನ ಮಧ್ಯದ ಎರಡು ಹಲ್ಲು ಸಾಮಾನ್ಯವಾಗಿ 7ರಿಂದ 8 ವರ್ಷಕ್ಕೆ, ಅವುಗಳ ಪಕ್ಕದವು 8ರಿಂದ 9ಕ್ಕೆ ಬರ್ತವೆ. ಸ್ವಲ್ಪ ಹಿಂದೆ ಮುಂದೆ ಆಗೋದು ಸಹಜ. ಆದರೆ ಈ ಮೂರರಲ್ಲಿ ಒಂದು ಕಂಡರೂ ಸುಮ್ಮನೆ ಕೂರಬಾರದು:

1. ಒಂದು ಕಡೆದು ಬಂದು 6 ತಿಂಗಳು ದಾಟಿದರೂ ಅದರ ಜೋಡಿ ಬಂದಿಲ್ಲ.
2. ಕೆಳಗಿನ ಮುಂದಿನ ಹಲ್ಲುಗಳು ಬಂದು ಒಂದು ವರ್ಷ ಆದರೂ ಮೇಲಿನ ಎರಡೂ ಬಂದಿಲ್ಲ.
3. ಸರದಿ ತಪ್ಪಿದೆ, ಅಂದ್ರೆ ಮಧ್ಯದ ಹಲ್ಲಿಗಿಂತ ಮೊದಲೇ ಪಕ್ಕದ್ದು ಬಂದಿದೆ.

ಇದಕ್ಕೆ ಮೆಷಿನ್ ಬೇಡ, ಎಣಿಸೋಕೆ ಬಂದರೆ ಸಾಕು.

ಕಾರಣ ಹಲವು. ಎಕ್ಸ್‌ಟ್ರಾ ಹಲ್ಲು ಅಡ್ಡ ಇರಬಹುದು. ಹಾಲುಹಲ್ಲು ಬೀಳದೇ ಉಳಿದಿರಬಹುದು, ಇಲ್ಲಾ ತೀರಾ ಬೇಗ ಬಿದ್ದು ಮೇಲೆ ವಸಡು ದಪ್ಪ ಆಗಿರಬಹುದು. ಜಾಗವೇ ಸಾಲದಿರಬಹುದು. ಇನ್ನೊಂದು ನಾವು ಕೇಳೋಕೆ ಮರೆಯೋದು: ‘ಮಗು ಚಿಕ್ಕದಿದ್ದಾಗ ಬಿದ್ದು ಬಾಯಿಗೆ ಪೆಟ್ಟಾಗಿತ್ತಾ?’ ಹಾಲುಹಲ್ಲಿನ ಬೇರಿನ ಹತ್ತಿರವೇ ಶಾಶ್ವತ ಹಲ್ಲಿನ ಮೊಗ್ಗು ಬೆಳೀತಾ ಇರುತ್ತೆ. ಎರಡು ಮೂರು ವರ್ಷದಲ್ಲಿ ಬಿದ್ದ ಪೆಟ್ಟು ಆ ಹಲ್ಲನ್ನ ಒಳಗೇ ಸೊಟ್ಟ ಮಾಡಬಹುದು. ಅದು ಗೊತ್ತಾಗೋದು ಐದು ವರ್ಷ ಆದ ಮೇಲೆ.

ಕ್ಲಾಸ್‌ಮೇಟ್ಸ್, ಕ್ಲಿನಿಕ್‌ನಲ್ಲಿ ಮೊದಲು ಎಣಿಸಿ, ಆಮೇಲೆ ಬೆರಳಿಂದ ವಸಡಿನ ಹೊರಗೂ ಅಂಗುಳದ ಕಡೆಗೂ ಮುಟ್ಟಿ ನೋಡಿ, ಉಬ್ಬು ಸಿಗುತ್ತಾ ಅಂತ. ಆಮೇಲೆ ಎಕ್ಸ್‌ರೇ. ಬೇರೆ ಬೇರೆ ಕೋನದಿಂದ ಎರಡು ಫಿಲ್ಮ್ ತೆಗೆದರೆ ಅಡಗಿದ ಹಲ್ಲು ಮುಂದಿದೆಯೋ ಹಿಂದಿದೆಯೋ ಹೇಳಬಹುದು: ಟ್ಯೂಬ್ ಸರಿದ ಕಡೆಗೇ ಸರಿದಂತೆ ಕಂಡರೆ ಅದು ಅಂಗುಳದ ಕಡೆ. ಎಲ್ಲ ಮಗುವಿಗೂ ಸಿಬಿಸಿಟಿ ಬರೆಯೋದು ಬೇಡ. ಮಕ್ಕಳಿಗೆ ರೇಡಿಯೇಷನ್ ಕಡಿಮೆ ಇದ್ದಷ್ಟೂ ಒಳ್ಳೇದು. ಚಿಕಿತ್ಸೆ ನಿಜವಾಗಿ ಬದಲಾಗೋ ಹಾಗಿದ್ರೆ ಮಾತ್ರ ತೆಗೀರಿ.

ಈಗ ಜಗಳದ ಭಾಗ. ‘ಎಲ್ಲಾ ಹಲ್ಲಿಗೂ ಆಪರೇಷನ್ ಅಂತ ಹೆದರಿಸ್ತೀರಾ?’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಇಲ್ಲ. ಬೇರು ಇನ್ನೂ ಬೆಳೀತಿದ್ದು, ಜಾಗ ಇದ್ದು, ಅಡ್ಡಿ ಇಲ್ಲದಿದ್ರೆ ಕಾಯೋದೇ ಸರಿ. ಅಡ್ಡಿ ತೆಗೆದು ಜಾಗ ಕೊಟ್ಟರೆ ಎಷ್ಟೋ ಹಲ್ಲು ತಾನಾಗೇ ಇಳಿಯುತ್ತೆ, ತಿಂಗಳುಗಟ್ಟಲೆ ಹಿಡಿದರೂ. ಮಧ್ಯದ ಹಲ್ಲಿಗೆ ಸುಮಾರು 9 ಮಿ.ಮೀ. ಜಾಗ ಬೇಕು. ಹಾಗೂ ಇಳಿಯದಿದ್ರೆ ವಸಡು ಬಿಡಿಸಿ, ಹಲ್ಲಿಗೆ ಪುಟ್ಟ ಚೈನ್ ಅಂಟಿಸಿ ಬ್ರೇಸಸ್‌ನಿಂದ ನಿಧಾನ ಎಳೀತಾರೆ. ತೀರಾ ಸೊಟ್ಟ ಇದ್ದರೆ ಮಾತ್ರ ತೆಗೆಯೋ ಮಾತು.

ನನ್ನ ವಾದ ಇಷ್ಟೇ: ಕಾಯೋದೂ ಒಂದು ಚಿಕಿತ್ಸೆ, ಆದರೆ ಅದಕ್ಕೊಂದು ತಾರೀಕು ಬೇಕು. ‘ಮೂರು ತಿಂಗಳು ನೋಡೋಣ, ಇಂಥ ದಿನ ಬನ್ನಿ’ ಅಂದ್ರೆ ಅದು ಸಲಹೆ. ‘ಬರುತ್ತೆ ಬಿಡಿ’ ಅಂದ್ರೆ ಅದು ಜಾರಿಕೊಳ್ಳೋದು. ನಾನು ಜಾರಿಕೊಂಡೆ.

‘ಬರೀ ಅಂದಕ್ಕೆ ಇಷ್ಟೆಲ್ಲಾ ಯಾಕೆ’ ಅನ್ನೋರಿಗೂ ಒಂದು ಮಾತು. ಮುಂದಿನ ಹಲ್ಲು ಕಚ್ಚೋಕೆ ಬೇಕು, ಮಾತು ಸ್ಪಷ್ಟ ಆಗೋಕೆ ಬೇಕು. ಅಂದವೇ ಅಂತ ಇಟ್ಟುಕೊಂಡರೂ, ಒಂಬತ್ತು ವರ್ಷದ ಮಗು ಕ್ಲಾಸ್ ಫೋಟೋದಲ್ಲಿ ಬಾಯಿ ಬಿಗಿಹಿಡಿದು ನಿಲ್ಲೋದು ಸಣ್ಣ ವಿಷಯ ಅಲ್ಲ. ನಮ್ಮ ಪುಟ್ಟಿ ಈಗ ನಗುವಾಗ ಕೈ ಅಡ್ಡ ಇಡ್ತಾಳೆ. ಆ ಅಭ್ಯಾಸ ಮದುವೆ ಮನೆಯಲ್ಲಿ ಇರಲಿಲ್ಲ. ನಾನು ಕಳೆದ ಆ ಒಂದು ವರ್ಷದಲ್ಲಿ ಬಂದಿದ್ದು.

ಎಕ್ಸ್‌ಟ್ರಾ ಹಲ್ಲು ತೆಗೆದಾಯ್ತು, ಚೈನ್ ಹಾಕಿದಾರೆ. ‘ಮಾಮಾ, ಈ ಸಲ ನಿಜವಾಗಿ ಬರುತ್ತಾ?’ ಅಂತ ಕೇಳಿದಳು. ‘ಮುಂದಿನ ತಿಂಗಳು ಚೆಕಪ್‌ಗೆ ನಾನೇ ಕರ್ಕೊಂಡು ಹೋಗ್ತೀನಿ, ಒಟ್ಟಿಗೆ ನೋಡೋಣ’ ಅಂದೆ.

ನಿಮ್ಮ ಮನೆಯಲ್ಲೂ 7ರಿಂದ 10 ವರ್ಷದ ತಮ್ಮನೋ ತಂಗಿನೋ ಇದ್ದರೆ, ಇವತ್ತು ರಾತ್ರಿ ಊಟ ಆದ ಮೇಲೆ ಒಂದ್ಸಲ ‘ಆ’ ಅನ್ನಿಸಿ. ಮೇಲೆ ಎಷ್ಟು, ಕೆಳಗೆ ಎಷ್ಟು, ಎಣಿಸಿ. ಎಣಿಸಿದೋರು ಕೆಳಗೆ ಬರೀರಿ.

#ಹಲ್ಲಿನಮಾತು #ಎಣಿಸಿನೋಡಿ