ಒಂದಗುಳು ಹಿಸುಕಿ ನೋಡಿ

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕು. ನಮ್ಮ ತಾಯಂದಿರು ದಿನವೂ ಮಾಡುವ ಈ ಪರೀಕ್ಷೆಯನ್ನು ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿ ಮಾಡಲಿಲ್ಲ. ಅದರ ಫಲವನ್ನು ಲೋಕವೇ ಉಂಡಿತು.

2024ರ ಜುಲೈ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ, ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪನಿಯು ಕಂಪ್ಯೂಟರುಗಳನ್ನು ಕಳ್ಳರಿಂದ ಕಾಯುವ ತನ್ನ ಸಾಫ್ಟ್‌ವೇರಿಗೆ ಒಂದು ಹೊಸ ತಿದ್ದುಪಡಿಯನ್ನು ಹಂತಗಳಿಲ್ಲದೆ ಎಲ್ಲೆಡೆಗೂ ಕಳುಹಿಸಿತು. ಅದರಲ್ಲಿ ದೋಷವಿತ್ತು. 78 ನಿಮಿಷಗಳಲ್ಲಿ ಹಿಂದಕ್ಕೆ ಪಡೆದರೂ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಕೆಟ್ಟು ನಿಂತವು. ವಿಮಾನಗಳು ರದ್ದಾದವು, ಆಸ್ಪತ್ರೆಗಳ ಕೆಲಸ ತಡೆಯಿತು. ನಮ್ಮ ದೇಶದಲ್ಲೂ ವಿಮಾನದ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಕೆಟ್ಟ ಯಂತ್ರಗಳಲ್ಲಿ ಬಹಳಷ್ಟನ್ನು ನೌಕರರು ಒಂದೊಂದಾಗಿ ಕೈಯಾರೆ ಸರಿಪಡಿಸಬೇಕಾಯಿತು. ತಪ್ಪು ಮಾಡಿದವರು ಯಾರು, ನಿದ್ದೆಗೆಟ್ಟು ದುಡಿದವರು ಯಾರು?

ಬೇರೆ ದಾರಿ ಇರಲಿಲ್ಲವೇ? ಇತ್ತು. ಹೊಸ ನೂಲು ಬಂದರೆ ಜಾಣ ಮೇಸ್ತ್ರಿ ಎಲ್ಲ ಮಗ್ಗಗಳಿಗೂ ಒಮ್ಮೆಲೇ ಏರಿಸುವುದಿಲ್ಲ. ಒಂದರಲ್ಲಿ ನೇಯಿಸಿ ನೋಡುತ್ತಾನೆ. ಹಾಗೆಯೇ ತಿದ್ದುಪಡಿಯನ್ನು ಮೊದಲು ನೂರರಲ್ಲಿ ಒಂದು ಯಂತ್ರಕ್ಕೆ, ಸರಿಯಿದ್ದರೆ ಹತ್ತಕ್ಕೆ, ಆಮೇಲೆ ಎಲ್ಲಕ್ಕೂ ಕೊಡಬಹುದು. ಇದಕ್ಕೆ ‘ಕ್ಯಾನರಿ’ ಪದ್ಧತಿಯೆಂದು ಹೆಸರು. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಗಾಳಿಯನ್ನು ತಿಳಿಯಲು ಒಯ್ಯುತ್ತಿದ್ದ ಪುಟ್ಟ ಹಕ್ಕಿಯೇ ಕ್ಯಾನರಿ. ಇನ್ನೊಂದು ದಾರಿಯೂ ಉಂಟು: ಹಳೆಯದನ್ನು ಕೆಡವದೆ ಹೊಸದನ್ನು ಪಕ್ಕದಲ್ಲೇ ಸಜ್ಜುಗೊಳಿಸಿ ಕೆಲಸವನ್ನು ಅದಕ್ಕೆ ತಿರುಗಿಸುವುದು, ಕೆಟ್ಟರೆ ಕೂಡಲೇ ಹಳೆಯದಕ್ಕೆ ಮರಳುವುದು. ಇದಕ್ಕೆ ಎರಡು ಪಟ್ಟು ಯಂತ್ರಗಳು ಬೇಕು, ಖರ್ಚು ಹೆಚ್ಚು.

ಕಳ್ಳ ಕಾಯುವುದಿಲ್ಲ, ನಾವು ಕಾಯುತ್ತ ಕೂರಲಾದೀತೇ ಎಂದು ಕೆಲವರು ಕೇಳುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಈ ದೋಷ ಬಯಲಾಗಲು ತಿಂಗಳುಗಳು ಬೇಕಾಗಲಿಲ್ಲ. ಕೆಲವೇ ಯಂತ್ರಗಳಿಗೆ ಮೊದಲು ಕೊಟ್ಟಿದ್ದರೆ ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತಿತ್ತು. ಅನಾಹುತವಾದ ಮೇಲೆ ಆ ಕಂಪನಿಯೇ ಇನ್ನು ಹಂತಹಂತವಾಗಿ ಕಳುಹಿಸುವುದಾಗಿ ಹೇಳಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಗಣಿಯ ಹಕ್ಕಿ ಯಾರಾಗಬೇಕು? ಅಂಗಡಿಯ ಬಿಲ್ಲಿನ ಯಂತ್ರ ನಿಂತರೆ ಆ ದಿನದ ವ್ಯಾಪಾರ ಹೋಯಿತು. ಗಿರಣಿಯ ಹಾಜರಿ ಯಂತ್ರ ತಪ್ಪಿದರೆ ಕೂಲಿಗೇ ಸಂಚಕಾರ. ಆದ್ದರಿಂದ ಮೊದಲ ಅಗುಳನ್ನು ಕಂಪನಿ ತನ್ನ ಯಂತ್ರಗಳಲ್ಲೇ ಹಿಸುಕಿ ನೋಡಲಿ. ಆಮೇಲೆ ಒಪ್ಪಿದ ಗಿರಾಕಿಗಳಿಗೆ ಕೊಡಲಿ, ಕಡೆಗೆ ಎಲ್ಲರಿಗೂ ಬಡಿಸಲಿ. ಹಿಂದಿರುಗುವ ದಾರಿಯನ್ನು ಮಾತ್ರ ಎಂದೂ ಮುಚ್ಚದಿರಲಿ. ಯಂತ್ರ ಕೊಳ್ಳುವಾಗ ವರ್ತಕ ಬಂಧುಗಳೂ, ಹಾಜರಿ ಯಂತ್ರ ಬರುವಾಗ ಕಾರ್ಮಿಕ ಸಂಘಗಳೂ ಈ ಮಾತನ್ನು ಕೇಳಿಯೇ ಕೇಳಬೇಕು.